ಮೈಯ ಕಾವು ಮತ್ತು ಐಸ್ ಪೆಟ್ಟಿಗೆಯ ಹೃದಯ

ದಾನಿಯ ಎದೆಯಿಂದ ಹೊರತೆಗೆದ ಹೃದಯ ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಗಂಟೆ ಕಾಲ ಕೆಡದೆ ಉಳಿಯುತ್ತದೆ. ಶ್ವಾಸಕೋಶಕ್ಕೆ ಇನ್ನೊಂದಿಷ್ಟು ಬಿಡುವುಂಟು, 6ರಿಂದ 8 ಗಂಟೆ. ಮೂತ್ರಪಿಂಡವಾದರೆ ಒಂದು ದಿನವನ್ನೂ ತಾಳಿಕೊಂಡೀತು. ಪೆಟ್ಟಿಗೆಯಲ್ಲಿರುವಷ್ಟು ಹೊತ್ತು ಹೃದಯ ಬಡಿಯುವುದಿಲ್ಲ, ಅದರಲ್ಲಿ ರಕ್ತವಿಲ್ಲ, ಮುಟ್ಟಿದರೆ ತಣ್ಣಗೆ ಕೊರೆಯುತ್ತದೆ. ಯಾವ ಲಕ್ಷಣ ಹಿಡಿದು ನೋಡಿದರೂ ಅದು ಸತ್ತ ಮಾಂಸ. ಆದರೂ ಆ ಅವಧಿಯೊಳಗೆ ಇನ್ನೊಬ್ಬರ ಎದೆಯಲ್ಲಿಟ್ಟು ಹೊಲಿದು, ಬಿಸಿ ರಕ್ತ ಹರಿಯಬಿಟ್ಟರೆ ಮತ್ತೆ ಬಡಿಯತೊಡಗುತ್ತದೆ. ನಡುವಿನ ನಾಲ್ಕು ಗಂಟೆ ಅದಕ್ಕೆ ಜೀವ ಇತ್ತೇ, ಇದ್ದರೆ ಯಾರ ಜೀವ ಎಂಬ ಪ್ರಶ್ನೆಗೆ ಶಸ್ತ್ರವೈದ್ಯರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಂಗದಾನದ ಕಾಗದಕ್ಕೆ ಸಹಿ ಹಾಕಬೇಕಾದ ಮನೆಯವರಿಗೆ ಅದನ್ನು ದಾಟಿ ಹೋಗುವುದು ಅಷ್ಟು ಸುಲಭವಲ್ಲ.

ಮಹಾಪಧಮನಿಗೆ ಕ್ಲ್ಯಾಂಪ್ ಬಿದ್ದ ಕ್ಷಣದಿಂದ ಲೆಕ್ಕ ಶುರುವಾಗುತ್ತದೆ. ಪೊಟ್ಯಾಸಿಯಂ ಬೆರೆಸಿದ, 4 ಡಿಗ್ರಿಯಷ್ಟು ತಣ್ಣಗಿನ ದ್ರಾವಣವನ್ನು ಹೃದಯದ ಸ್ವಂತ ರಕ್ತನಾಳಗಳಿಗೆ ಹರಿಸುತ್ತಾರೆ. ಬಡಿತ ಸಡಿಲಗೊಂಡು ನಿಲ್ಲುತ್ತದೆ. ಎದೆಗೂಡಿಗೆ ಐಸಿನ ಪುಡಿ ಸುರಿಯುತ್ತಾರೆ. ಬಿಡಿಸಿದ ಹೃದಯವನ್ನು ದ್ರಾವಣ ತುಂಬಿದ ಚೀಲದಲ್ಲಿಟ್ಟು, ಅದನ್ನು ಇನ್ನೊಂದು ಚೀಲದಲ್ಲಿ, ಅದನ್ನು ಮತ್ತೊಂದರಲ್ಲಿ ಕಟ್ಟಿ, ಆಮೇಲೆ ಐಸಿನ ನಡುವೆ ಇಳಿಸುತ್ತಾರೆ. ಐಸು ನೇರವಾಗಿ ತಗುಲಿದರೆ ಸ್ನಾಯು ಹೆಪ್ಪುಗಟ್ಟಿ ಹಾಳಾಗುತ್ತದೆ. ಕೆಡದಂತೆ ಇಡುವುದೆಂದರೆ ತಂಪು ಮಾಡುವುದು, ಹೆಪ್ಪುಗಟ್ಟಿಸುವುದಲ್ಲ. ತಂಪಿನಲ್ಲಿ ಜೀವಕೋಶದ ಉಸಿರಾಟ ನಿಲ್ಲುವುದಿಲ್ಲ, ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಆ ಪಾಲಿಗೂ ಆಮ್ಲಜನಕ ಸಿಗದಿದ್ದಾಗ ಕೋಶದೊಳಗಿನ ಉಪ್ಪಿನ ಸಮತೋಲ ತಪ್ಪಿ, ನೀರು ನುಗ್ಗಿ, ಕೋಶ ಊದಿಕೊಳ್ಳುತ್ತದೆ. ಈ ಊತ ತಡೆಯಲೆಂದೇ 1980ರ ದಶಕದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬೆಲ್ಜರ್ ಮತ್ತು ಸೌತರ್ಡ್ ಒಂದು ದ್ರಾವಣ ರೂಪಿಸಿದರು. ಅದೂ ಅದರ ನಂತರ ಬಂದವೂ ಸಾವನ್ನು ನಿಧಾನಗೊಳಿಸುತ್ತವೆ, ತಡೆಯುವುದಿಲ್ಲ.

ಹೀಗಾಗಿ ಈ ವಿದ್ಯೆಯ ಬುಡದಲ್ಲೇ ಒಂದು ತತ್ತ್ವದ ಮಾತಿದೆ. ಸಾವು ಒಂದು ಕ್ಷಣದಲ್ಲಿ ಇಡೀ ಶರೀರಕ್ಕೆ ಒಟ್ಟಿಗೆ ಬರುವುದಾಗಿದ್ದರೆ ಅಂಗಾಂಗ ಕಸಿ ಎಂಬುದೇ ಇರುತ್ತಿರಲಿಲ್ಲ. ಅದು ಹಂತಹಂತವಾಗಿ, ಒಂದೊಂದು ಅಂಗಕ್ಕೆ ಒಂದೊಂದು ಹೊತ್ತಿಗೆ ಬರುತ್ತದೆ. ಯಾವ ಹಂತವನ್ನು ಮನುಷ್ಯನ ಸಾವು ಎಂದು ಕರೆಯಬೇಕು ಎಂಬುದನ್ನು ಮಾತ್ರ ಯಾರಾದರೂ ತೀರ್ಮಾನಿಸಲೇಬೇಕು.

ಭಾರತದಲ್ಲಿ ಆ ತೀರ್ಮಾನ ಆದದ್ದು ಮಾನವ ಅಂಗಾಂಗಗಳ ಕಸಿ ಕಾಯ್ದೆ, 1994ರಲ್ಲಿ. ಮಿದುಳಿನ ಕಾಂಡ ಮತ್ತೆ ಚೇತರಿಸಿಕೊಳ್ಳದಂತೆ ನಿಷ್ಕ್ರಿಯವಾದರೆ, ಎದೆ ಬಡಿಯುತ್ತಿದ್ದರೂ ಅದು ಸಾವು. ನಾಲ್ವರು ವೈದ್ಯರು ಅದನ್ನು ದೃಢೀಕರಿಸಬೇಕು. ಪರೀಕ್ಷೆ ಎರಡು ಬಾರಿ ಆಗಬೇಕು. ಎರಡರ ನಡುವೆ ಕನಿಷ್ಠ 6 ಗಂಟೆ ಕಳೆಯಬೇಕು. ಪ್ರತಿ ಬಾರಿಯೂ ವೆಂಟಿಲೇಟರ್ ಕೆಲಹೊತ್ತು ಬಿಡಿಸಿ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದರೂ ಎದೆ ತಾನಾಗಿ ಒಂದು ಉಸಿರನ್ನೂ ಎಳೆಯುವುದಿಲ್ಲ ಎಂದು ಖಚಿತಪಡಿಸಿಕೊಳ್ಳುತ್ತಾರೆ. ಅಂದರೆ ಆತುರ ಪಡಬಾರದ ಆರು ಗಂಟೆ, ತಡ ಮಾಡಬಾರದ ನಾಲ್ಕು ಗಂಟೆ ಬೆನ್ನಿಗೆ ಬೆನ್ನು ಹಚ್ಚಿ ನಿಂತಿವೆ. ಮೊದಲನೆಯದು ಹೋಗುತ್ತಿರುವವರ ಹಕ್ಕು, ಎರಡನೆಯದು ಕಾಯುತ್ತಿರುವವರ ಪಾಲು. ಎರಡನೆಯದಕ್ಕಾಗಿ ಮೊದಲನೆಯದನ್ನು ಒಂದು ನಿಮಿಷ ಮೊಟಕು ಮಾಡಿದರೂ ಇಡೀ ಏರ್ಪಾಡು ಅಧರ್ಮಕ್ಕೆ ಜಾರುತ್ತದೆ.

ಎರಡನೆಯ, ಅಂದರೆ ನಾಲ್ಕು ಗಂಟೆಯ ಗಡಿಯಾರಕ್ಕೆ ಬೆಂಗಳೂರಿನ ರಸ್ತೆಗಳೇ ಶತ್ರು. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಗಳಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಊರಿನ ದಕ್ಷಿಣದಿಂದ ಉತ್ತರದ ತುದಿಗೆ ಹೋಗಬೇಕು. ಸಿಲ್ಕ್ ಬೋರ್ಡ್ ಸರ್ಕಲ್ ಸಂಜೆ ಏಳಕ್ಕೆ ಯಾವ ಶಾಸ್ತ್ರಕ್ಕೂ ಜಗ್ಗುವುದಲ್ಲ. 2014ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೃದಯವೊಂದು ಹೀಗೆ ರಸ್ತೆ ತೆರವು ಮಾಡಿಸಿಕೊಂಡು, ವಿಮಾನವೇರಿ ಚೆನ್ನೈ ಸೇರಿತು. ಸಂಚಾರ ಪೊಲೀಸರ ‘ಗ್ರೀನ್ ಕಾರಿಡಾರ್’ ಆಮೇಲೆ ಊರಿಗೆ ಪರಿಚಿತ ಮಾತಾಯಿತು. 2025ರಲ್ಲಿ ನಮ್ಮ ಮೆಟ್ರೋ ಕೂಡ ಅಂಗ ಸಾಗಿಸತೊಡಗಿತು. ಯಾರ ಅಂಗ ಯಾರಿಗೆ ಎಂಬುದನ್ನು ನಿರ್ಧರಿಸುವುದು ಆಸ್ಪತ್ರೆಯಲ್ಲ, ರಾಜ್ಯದ ಜೀವಸಾರ್ಥಕತೆ ಸಂಸ್ಥೆ ಕಾಯ್ದಿಟ್ಟ ಸರದಿ ಪಟ್ಟಿ.

ಕಾನೂನು ಬರುವ ಮೊದಲೇ ಕಸಿ ಬಂದಿತ್ತು. 1967ರ ಡಿಸೆಂಬರ್ 3ರಂದು ಕೇಪ್‌ಟೌನ್‌ನಲ್ಲಿ ಕ್ರಿಶ್ಚಿಯನ್ ಬರ್ನಾರ್ಡ್ ಮೊದಲ ಮಾನವ ಹೃದಯವನ್ನು ಕಸಿ ಮಾಡಿದಾಗ ‘ಮಿದುಳಿನ ಸಾವು’ ಎಂಬ ವ್ಯಾಖ್ಯೆ ಯಾವ ಪುಸ್ತಕದಲ್ಲೂ ಗಟ್ಟಿಯಾಗಿರಲಿಲ್ಲ. 1968ರ ಫೆಬ್ರವರಿಯಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ಪಿ.ಕೆ. ಸೆನ್ ಭಾರತದ ಮೊದಲ ಪ್ರಯತ್ನ ಮಾಡಿದರು. ರೋಗಿ ಕೆಲವೇ ಗಂಟೆ ಬದುಕಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಸಮಿತಿಯೊಂದು ಸಾವಿಗೆ ಹೊಸ ವ್ಯಾಖ್ಯೆ ಕೊಟ್ಟಿತು. ಒಡನೆಯೇ ತತ್ತ್ವಜ್ಞಾನಿ ಹಾನ್ಸ್ ಯೋನಾಸ್ ತಕರಾರು ತೆಗೆದರು. ಬದುಕು ಸಾವಿನ ಗಡಿ ಎಲ್ಲಿದೆಯೆಂದು ಖಚಿತವಾಗಿ ಗೊತ್ತಿಲ್ಲದಿರುವಾಗ, ಅಂಗ ಬೇಕು ಎಂಬ ಗರಜಿಗೆ ತಕ್ಕಂತೆ ಗಡಿಯನ್ನು ಸರಿಸಬಾರದು ಎಂಬುದು ಅವರ ವಾದದ ತಿರುಳು. ಜಪಾನಿನಲ್ಲಿ 1968ರ ಮೊದಲ ಹೃದಯ ಕಸಿ ಎಷ್ಟು ಅನುಮಾನ ಹುಟ್ಟಿಸಿತೆಂದರೆ ಕಾನೂನು ಆಗಲು 1997ರವರೆಗೆ ಕಾಯಬೇಕಾಯಿತು. ಭಾರತದಲ್ಲಿ ಅಷ್ಟು ದೊಡ್ಡ ಚರ್ಚೆಯೇನೂ ಎದ್ದಂತಿಲ್ಲ. ಕಾಯ್ದೆ ಬಂತು, 1994ರ ಆಗಸ್ಟ್ 3ರಂದು ದೆಹಲಿಯ ಏಮ್ಸ್‌ನಲ್ಲಿ ಪಿ. ವೇಣುಗೋಪಾಲ್ ಮೊದಲ ಯಶಸ್ವಿ ಹೃದಯ ಕಸಿ ಮಾಡಿದರು. ತಾತ್ತ್ವಿಕ ಜಿಜ್ಞಾಸೆಯನ್ನು ಮನೆಮನೆಯವರು ಐಸಿಯು ಬಾಗಿಲಲ್ಲಿ ನಿಂತು ತಾವೇ ಮಾಡಿಕೊಳ್ಳಬೇಕಾಯಿತು.

ಆ ಜಿಜ್ಞಾಸೆ ಇಡೀ ಕರ್ನಾಟಕದ ಕಣ್ಣೆದುರು ನಡೆದದ್ದು 2021ರ ಜೂನ್‌ನಲ್ಲಿ. ‘ನಾನು ಅವನಲ್ಲ... ಅವಳು’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದ ನಟ ಸಂಚಾರಿ ವಿಜಯ್ ಜೂನ್ 12ರ ರಾತ್ರಿ ಜೆ.ಪಿ. ನಗರ 7ನೇ ಹಂತದಲ್ಲಿ ಬೈಕ್ ಅಪಘಾತಕ್ಕೆ ಸಿಕ್ಕಿದರು. ಬನ್ನೇರುಘಟ್ಟ ರಸ್ತೆಯ ಆಸ್ಪತ್ರೆಯಲ್ಲಿ ಮಿದುಳು ನಿಷ್ಕ್ರಿಯವಾಯಿತು. ಮನೆಯವರು ಅಂಗಾಂಗ ದಾನಕ್ಕೆ ಒಪ್ಪಿದರು. 14ರಂದೇ ಶ್ರದ್ಧಾಂಜಲಿಗಳು ಹರಿದುಬಂದವು. ಇನ್ನೂ ಪರೀಕ್ಷೆ ನಡೆಯುತ್ತಿದೆ, ಉಸಿರು ಆಡುತ್ತಿದೆ ಎಂಬ ಸುದ್ದಿಯೂ ಜೊತೆಗೇ ಬಂತು. ಅವರ ನಿಧನದ ದಿನವೆಂದು ಒಂದೊಂದು ಕಡೆ 14, ಒಂದೊಂದು ಕಡೆ 15 ಎಂದು ಇಂದಿಗೂ ಕಾಣುವುದು ಈ ಕಾರಣಕ್ಕೆ. ಯಾರ ಕೈತಪ್ಪೂ ಇದರಲ್ಲಿಲ್ಲ. ಮಿದುಳು, ಎದೆ, ಕಾಗದ, ಮೂರೂ ಬೇರೆ ಬೇರೆ ಹೊತ್ತು ತೋರಿಸುವ ಸಾವು ಅದು.

ದಕ್ಷಿಣ ಬೆಂಗಳೂರಿನ ಯಾವ ಮನೆಯಲ್ಲಾದರೂ ಇಂಥ ಸಾವಾದಾಗ ಪುರೋಹಿತರು ಕೇಳುವ ಮೊದಲ ಪ್ರಶ್ನೆ, ‘ಪ್ರಾಣ ಹೋದದ್ದು ಎಷ್ಟು ಗಂಟೆಗೆ?’ ತಿಥಿ ಅದರ ಮೇಲೆ ನಿಂತಿದೆ, ವರ್ಷವರ್ಷದ ಶ್ರಾದ್ಧ ತಿಥಿಯ ಮೇಲೆ ನಿಂತಿದೆ. ನಕ್ಷತ್ರ ಧನಿಷ್ಠಾ ಪಂಚಕದಲ್ಲಿ ಬಿದ್ದರೆ ಶಾಂತಿಯೂ ಬೇಕು, ಮನೆ ಬಿಡುವ ಮಾತೂ ಬರುತ್ತದೆ. ಎರಡನೆಯ ಪರೀಕ್ಷೆ ಮುಗಿದ ಹೊತ್ತನ್ನು ಆಸ್ಪತ್ರೆ ಮರಣದ ಹೊತ್ತೆಂದು ಬರೆಯುತ್ತದೆ. ಹೃದಯಕ್ಕೆ ಕ್ಲ್ಯಾಂಪ್ ಬೀಳುವುದು ಅದಾಗಿ ಹಲವು ಗಂಟೆಗಳ ಮೇಲೆ. ಅಷ್ಟರಲ್ಲಿ ದಶಮಿ ಕಳೆದು ಏಕಾದಶಿ ಹಿಡಿದಿರಬಹುದು. ಮನೆಯವರು ಸಾಮಾನ್ಯವಾಗಿ ಕಾಗದದ ಹೊತ್ತನ್ನೇ ಹೇಳುತ್ತಾರೆ, ಪುರೋಹಿತರು ಪಂಚಾಂಗ ತೆರೆಯುತ್ತಾರೆ. ಮಿದುಳಿನ ಸಾವೇ ಸಾವು ಎಂಬ ಕಾಯ್ದೆಯ ಮಾತನ್ನು ಸಂಪ್ರದಾಯ ಒಪ್ಪಿಕೊಂಡದ್ದು ಯಾವ ಪಂಡಿತಸಭೆಯಲ್ಲೂ ಅಲ್ಲ, ಈ ಉತ್ತರದಲ್ಲಿ.

ವಿಜಯ್ ಅವರ ದಾನದಲ್ಲಿ ಹೃದಯದ ಕವಾಟಗಳೂ ಸೇರಿದ್ದವು ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ. ಇಡೀ ಹೃದಯಕ್ಕೆ ನಾಲ್ಕೇ ಗಂಟೆ. ಕವಾಟವನ್ನಾದರೆ ದ್ರವ ಸಾರಜನಕದ ಚಳಿಯಲ್ಲಿ ವರ್ಷಗಟ್ಟಲೆ ಇಡಬಹುದು. ಅದು ಬಡಿಯಬೇಕಾಗಿಲ್ಲ, ತೆರೆದು ಮುಚ್ಚಿದರೆ ಸಾಕು. ಅಂಗವೊಂದು ಜೀವಕ್ಕೆ ಎಷ್ಟು ಹತ್ತಿರವೋ ಅಷ್ಟು ಬೇಗ ಕೆಡುತ್ತದೆ.

ಉಪನಿಷತ್ತುಗಳಲ್ಲಿ ಹೃದಯಕ್ಕಿರುವ ಸ್ಥಾನ ಈ ಪ್ರಶ್ನೆಯನ್ನು ಬಿಗಿಗೊಳಿಸುತ್ತದೆ. ಛಾಂದೋಗ್ಯದ ಎಂಟನೆಯ ಅಧ್ಯಾಯ ಹೃದಯದೊಳಗಿನ ಪುಟ್ಟ ಆಕಾಶದಲ್ಲಿ ಇಡೀ ಜಗತ್ತನ್ನು ಕಾಣುತ್ತದೆ. ಬೃಹದಾರಣ್ಯಕದ ಪ್ರಕಾರ ಸಾಯುವ ಹೊತ್ತಿಗೆ ಹೃದಯದ ತುದಿ ಬೆಳಗುತ್ತದೆ, ಆ ಬೆಳಕಿನಲ್ಲಿ ಆತ್ಮ ಹೊರಡುತ್ತದೆ. ಹಾಗಾದರೆ ಹೃದಯವನ್ನೇ ಎತ್ತಿ ಇನ್ನೊಬ್ಬರಲ್ಲಿಟ್ಟರೆ ಹೋದದ್ದು ಯಾರು, ಬಂದದ್ದು ಯಾರು? ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಇದಕ್ಕೆ ಹತ್ತಿರದ ಚರ್ಚೆಯುಂಟು. ಜೀವ ಅಣುವಾದರೆ, ಅದು ಹೃದಯದಲ್ಲೇ ಇದ್ದರೆ, ಕಾಲಿಗೆ ಚುಚ್ಚಿದ ಮುಳ್ಳು ಅದಕ್ಕೆ ತಿಳಿಯುವುದು ಹೇಗೆ? ಮೈಮೇಲೆ ಒಂದೆಡೆ ಹಚ್ಚಿದ ಗಂಧದ ತಂಪು ಮೈಗೆಲ್ಲ ಹರಡುವ ಹಾಗೆ ಎಂಬುದು ಸೂತ್ರದ ದೃಷ್ಟಾಂತ. ರಾಮಾನುಜರೂ ಮಧ್ವರೂ ಇದನ್ನು ಸಿದ್ಧಾಂತವೆಂದೇ ತೆಗೆದುಕೊಂಡರು. ಶಂಕರರಿಗೆ ಅದು ಖಂಡಿಸಲೆಂದು ಮುಂದಿಟ್ಟ ಪೂರ್ವಪಕ್ಷ ಮಾತ್ರ. ಆತ್ಮ ಎಲ್ಲೆಡೆ ಇರುವಂಥದು, ಅಣುತ್ವವೂ ಹೃದಯವಾಸವೂ ಬುದ್ಧಿಯೆಂಬ ಉಪಾಧಿಗೆ ಸೇರಿದವು.

ಕತ್ತರಿಗುಪ್ಪೆಯ ಪೂರ್ಣಪ್ರಜ್ಞ ವಿದ್ಯಾಪೀಠದಲ್ಲಿ ಮಧ್ವರ ಭಾಷ್ಯ ಓದುವವರೂ ಶಂಕರಪುರದ ಶಂಕರಮಠದಲ್ಲಿ ಶಾಂಕರಭಾಷ್ಯ ಓದುವವರೂ ಹಲವು ವಿಷಯಗಳಲ್ಲಿ ಒಪ್ಪಲಿಕ್ಕಿಲ್ಲ. ಈ ಒಂದು ವಿಷಯದಲ್ಲಿ ಇಬ್ಬರ ದಾರಿಯೂ ಒಂದೇ ಕಡೆ ಹೋಗುತ್ತದೆ. ಜೀವಕ್ಕೆ ಹೃದಯ ನೆಲೆಯೇ ಹೊರತು ಹೃದಯವೇ ಜೀವವಲ್ಲ. ನೆಲೆಯನ್ನು ಬಿಟ್ಟ ಮೇಲೆ ಉಳಿದದ್ದು ಪಂಚಭೂತದ ಸ್ನಾಯು. ಕಸಿ ಹೃದಯದೊಡನೆ ದಾನಿಯ ನೆನಪು, ರುಚಿ, ಸ್ವಭಾವ ಬಂದವು ಎಂಬ ಕಥೆಗಳಿಗೆ ವೈದ್ಯವಿಜ್ಞಾನದಲ್ಲೂ ಗಟ್ಟಿ ಆಧಾರವಿಲ್ಲ, ಶಂಕರ, ರಾಮಾನುಜ, ಮಧ್ವರ ಮತಗಳಲ್ಲೂ ಇಲ್ಲ. ಉಳಿಯುವ ತೊಡಕು ಒಂದೇ: ಜೀವ ನೆಲೆ ಬಿಟ್ಟದ್ದು ಯಾವಾಗ?

ಇಲ್ಲಿ ಛಾಂದೋಗ್ಯದ ಆರನೆಯ ಅಧ್ಯಾಯ ಐಸಿಯುಗೆ ಅಚ್ಚರಿಯಾಗುವಷ್ಟು ಹತ್ತಿರ ಬರುತ್ತದೆ. ಸಾಯುತ್ತಿರುವವನ ಸುತ್ತ ಬಂಧುಗಳು ಕುಳಿತು, ನನ್ನ ಗುರುತು ಸಿಕ್ಕಿತೇ ಎಂದು ಒಬ್ಬೊಬ್ಬರೂ ಕೇಳುತ್ತಾರೆ. ಅವನ ಮಾತು ಮನಸ್ಸಿನಲ್ಲಿ, ಮನಸ್ಸು ಪ್ರಾಣದಲ್ಲಿ, ಪ್ರಾಣ ತೇಜಸ್ಸಿನಲ್ಲಿ, ತೇಜಸ್ಸು ಪರದೇವತೆಯಲ್ಲಿ ಅಡಗುವ ತನಕ ಗುರುತು ಹಿಡಿಯುತ್ತಾನೆ, ಆಮೇಲಿಲ್ಲ. ಶಂಕರರ ಭಾಷ್ಯದಲ್ಲಿ ಇನ್ನೂ ಒಂದು ವಿವರವಿದೆ: ಅಲುಗಾಡದ ಮೈಯನ್ನು ಬಂಧುಗಳು ಮುಟ್ಟಿ ನೋಡುತ್ತಾರೆ, ಕಾವಿದ್ದರೆ ಬದುಕಿದ್ದಾನೆ ಎನ್ನುತ್ತಾರೆ. ಸಾವು ಸರದಿಯಲ್ಲಿ ಬರುತ್ತದೆ, ಕಾವು ಕೊನೆಗೆ ಹೋಗುತ್ತದೆ.

ಈ ಸರದಿಯನ್ನು ಅಕ್ಷರಶಃ ಹಿಡಿದವರು ಅಂಗದಾನಕ್ಕೆ ಎತ್ತಬಹುದಾದ ಆಕ್ಷೇಪ ಬಲವಾದದ್ದೇ. ಮಿದುಳು ಸತ್ತ ದೇಹ ಬೆಚ್ಚಗಿದೆ, ಕೈ ಹಿಡಿದರೆ ಮಲಗಿದವರ ಕೈಯಂತೆಯೇ ಇದೆ. ಮಾತು ಹೋಗಿದೆ, ಮನಸ್ಸು ಹೋಗಿದೆ, ಕಾವು ಹೋಗಿಲ್ಲ. ಹೋಗುವ ಮೊದಲೇ ಐಸು ಸುರಿದು ಅದನ್ನು ಕಳೆಯುವುದು ಎಷ್ಟು ಸರಿ? ‘ವೈದ್ಯರು ಹೇಳಿದ್ದಾರೆ’ ಎಂದುಬಿಟ್ಟರೆ ಇದಕ್ಕೆ ಉತ್ತರವಾಗದು. ಉತ್ತರ ಸಿಗುವುದು ಹಾಸಿಗೆಯ ಪಕ್ಕದಲ್ಲೇ. ಮೈಯ ಬಿಸಿಯನ್ನು ಹದದಲ್ಲಿಡುವ ಕೇಂದ್ರ ಇರುವುದು ಮಿದುಳಿನಲ್ಲಿ. ಮಿದುಳು ಸತ್ತ ಮೇಲೆ ದೇಹ ತಾನಾಗಿಯೇ ತಣ್ಣಗಾಗತೊಡಗುತ್ತದೆ. ನರ್ಸುಗಳು ಬಿಸಿಗಾಳಿಯ ಹೊದಿಕೆ ಹೊದಿಸಿ, ಡ್ರಿಪ್ಪಿನ ದ್ರವವನ್ನು ಬೆಚ್ಚಗೆ ಮಾಡಿ ಕಾವನ್ನು ಹಿಡಿದಿಡುತ್ತಾರೆ. ಉಸಿರು ವೆಂಟಿಲೇಟರಿನದು, ರಕ್ತದೊತ್ತಡ ಔಷಧಿಯದು, ಕಾವು ಹೊದಿಕೆಯದು. ಬಂಧುಗಳ ಕೈಗೆ ತಾಗುವ ಬಿಸಿ ಆ ಶರೀರದ್ದಲ್ಲ ಎಂದಾದ ಮೇಲೆ ಭಾಷ್ಯಕಾರರು ಹೇಳಿದ ಗುರುತು ಇಲ್ಲಿ ಗುರುತಾಗಿ ಉಳಿಯುವುದಿಲ್ಲ. ಒಂದು ಮಾತನ್ನು ಮಾತ್ರ ಒಪ್ಪಲೇಬೇಕು: ಹೃದಯದ ಬಡಿತ ಯಂತ್ರದ್ದಲ್ಲ, ಅದರದೇ. ಹೃದಯಕ್ಕೆ ಬಡಿಯಲು ಮಿದುಳಿನ ಅಪ್ಪಣೆ ಬೇಕಿಲ್ಲ. ಆಮ್ಲಜನಕ ಸಿಗುವಷ್ಟು ಹೊತ್ತು ತನ್ನ ಪಾಡಿಗೆ ಬಡಿಯುತ್ತದೆ. ಈ ಸ್ವಾತಂತ್ರ್ಯವೇ ಕಸಿಯನ್ನು ಸಾಧ್ಯ ಮಾಡಿದೆ, ಮನೆಯವರನ್ನು ಹಿಂಡುವುದೂ ಇದೇ.

ಶ್ವಾಸಕೋಶದ ವಿಷಯದಲ್ಲಿ ಹಿಂಸೆ ಸ್ವಲ್ಪ ಕಡಿಮೆ. ಅದನ್ನು ಪೂರ್ತಿ ಬರಿದು ಮಾಡಿ ಇಡುವುದಿಲ್ಲ, ಅರೆ ಉಬ್ಬಿಸಿ, ಒಳಗೆ ಗಾಳಿ ಹಿಡಿದು ಇಡುತ್ತಾರೆ. ಆ ಗಾಳಿಯಿಂದಲೇ ಕೋಶಗಳು ಆಮ್ಲಜನಕ ಹೀರುತ್ತವೆ, ಅದಕ್ಕೇ ಹೃದಯಕ್ಕಿಂತ ಹೆಚ್ಚು ತಾಳುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ಸ್ಟೀಗ್ ಸ್ಟೀನ್, ಆಮೇಲೆ ಕೆನಡಾದ ಟೊರಾಂಟೊದ ವೈದ್ಯರು ಶ್ವಾಸಕೋಶವನ್ನು ದೇಹದ ಹೊರಗೆ ಬೆಚ್ಚಗೆ ಇಟ್ಟು, ದ್ರವ ಹರಿಸಿ, ಉಸಿರಾಡಿಸಿ, ಗುಣ ಪರೀಕ್ಷಿಸಿ ಕಸಿ ಮಾಡುವ ಕ್ರಮ ಬೆಳೆಸಿದರು. 4ರ ಬದಲು 10 ಡಿಗ್ರಿಯಲ್ಲಿಟ್ಟರೆ ಹೆಚ್ಚು ಹೊತ್ತು ಉಳಿಯುತ್ತದೆ ಎಂದೂ ಟೊರಾಂಟೊದವರು ತೋರಿಸಿದ್ದಾರೆ. ಗಾಜಿನ ಗುಮ್ಮಟದಡಿ ಯಾರೂ ಇಲ್ಲದೆ ಉಸಿರಾಡುವ ಶ್ವಾಸಕೋಶವನ್ನು ಕಂಡವರು ಪ್ರಾಣವೆಂದರೆ ಉಸಿರು ಎಂದು ಇನ್ನು ಹೇಳಲಾರರು. ಉಪನಿಷತ್ತುಗಳೂ ಹಾಗೆ ಹೇಳಿದ್ದಿಲ್ಲ. ಇಂದ್ರಿಯಗಳು ಯಾರು ದೊಡ್ಡವರೆಂದು ಜಗಳವಾಡಿದ ಕಥೆಯಲ್ಲಿ ಕಣ್ಣು, ಕಿವಿ, ಮಾತು ಒಂದೊಂದಾಗಿ ಹೋದರೂ ಬದುಕು ಸಾಗುತ್ತದೆ. ಪ್ರಾಣ ಹೊರಟಾಗ ಎಲ್ಲವೂ ಬೇರು ಸಹಿತ ಕಿತ್ತುಬರುತ್ತವೆ. ಎಲ್ಲವನ್ನೂ ಒಟ್ಟಿಗೆ ಹಿಡಿದಿರುವ ಶಕ್ತಿ ಅದು, ಗಾಳಿ ಬಂದುಹೋಗುವುದಷ್ಟೇ ಅಲ್ಲ. ಇಡೀ ಶರೀರವನ್ನು ಒಂದಾಗಿ ಹಿಡಿಯುವ ಕೆಲಸ ನಿಂತದ್ದೇ ಸಾವು ಎಂದು ಮಿದುಳಿನ ಸಾವಿನ ಪರ ವಾದಿಸುವವರು ಹೇಳುವುದೂ ಇದಕ್ಕೆ ದೂರವಲ್ಲ.

ಅಂಗದಾನದ ಸಭೆಗಳಲ್ಲಿ ದಧೀಚಿಯ ಹೆಸರು ಬಾರದೇ ಇರುವುದಿಲ್ಲ. ಶಿಬಿ, ಬೇಡರ ಕಣ್ಣಪ್ಪನ ಹೆಸರೂ ಬರುತ್ತವೆ. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಾದ ರಾಜ್‌ಕುಮಾರ್ 2006ರಲ್ಲಿ, ಮಗ ಪುನೀತ್ 2021ರಲ್ಲಿ ತೀರಿಕೊಂಡಾಗ ಕಣ್ಣು ದಾನವಾದದ್ದು ಕನ್ನಡನಾಡಿನಲ್ಲಿ ಯಾವ ಪ್ರವಚನಕ್ಕಿಂತ ಹೆಚ್ಚು ಕೆಲಸ ಮಾಡಿತು. ಆದರೆ ಈ ಉದಾಹರಣೆಗಳು ಹೃದಯದಾನಕ್ಕೆ ಪೂರ್ತಿ ಹೊಂದುವುದಿಲ್ಲ. ದಧೀಚಿ ತಾನೇ ಒಪ್ಪಿ, ತಾನೇ ದೇಹ ಬಿಟ್ಟ. ಕಣ್ಣಿನ ಪಟಲವನ್ನು ಎದೆ ನಿಂತು ಗಂಟೆಗಳಾದ ಮೇಲೂ ತೆಗೆಯಬಹುದು, ಯಾರಿಗೂ ಸಂಶಯವಿಲ್ಲ. ಹೃದಯದ ದಾನಿ ಸಾಮಾನ್ಯವಾಗಿ ಒಂದು ಮಾತೂ ಹೇಳದೆ ರಸ್ತೆಯಲ್ಲಿ ಬಿದ್ದವರು; ಸಂಕಲ್ಪ ಮಾಡುವವರು ಹೆಂಡತಿ, ಅಪ್ಪ, ಅಣ್ಣ. ಕೊಡುವವರ ಕೈ ಬೇರೆ, ವಸ್ತು ಬೇರೆಯವರದು. ಮೊದಲೇ ತಿಳಿಸಿಟ್ಟ ಇಚ್ಛೆಗೆ ಇಷ್ಟು ಬೆಲೆ ಇರುವುದು ಅದಕ್ಕೇ: ಇಚ್ಛೆ ಗೊತ್ತಿದ್ದರೆ ಮನೆಯವರು ಕೊಡುವವರಲ್ಲ, ತಲುಪಿಸುವವರು ಮಾತ್ರ.

ಅಂಗವಿಲ್ಲದ ದೇಹ ಸಂಸ್ಕಾರಕ್ಕೆ ಸಲ್ಲುವುದೇ, ಮುಂದಿನ ಜನ್ಮದಲ್ಲಿ ಆ ಅಂಗ ಇಲ್ಲದೆ ಹೋದೀತೇ ಎಂಬ ಭಯ ಬನಶಂಕರಿಯ ಮನೆಗಳಲ್ಲೂ ಕೇಳಿಬರುವಂಥದೇ. ಋಗ್ವೇದದ ಹತ್ತನೆಯ ಮಂಡಲದ ಅಂತ್ಯಕ್ರಿಯೆಯ ಸೂಕ್ತ ಕಣ್ಣು ಸೂರ್ಯನಿಗೆ, ಉಸಿರು ಗಾಳಿಗೆ ಹೋಗಲೆಂದು ಹಾರೈಸುತ್ತದೆ. ಬೃಹದಾರಣ್ಯಕದಲ್ಲಿ ಆರ್ತಭಾಗ ಇದನ್ನೇ ಹಿಡಿದು ಯಾಜ್ಞವಲ್ಕ್ಯನನ್ನು ಕೇಳುತ್ತಾನೆ: ಎಲ್ಲ ಹೀಗೆ ಚದುರಿದ ಮೇಲೆ ಆ ಮನುಷ್ಯ ಎಲ್ಲಿ? ಯಾಜ್ಞವಲ್ಕ್ಯ ಸಭೆಯಲ್ಲಿ ಉತ್ತರಿಸದೆ ಅವನ ಕೈ ಹಿಡಿದು ಆಚೆ ಕರೆದೊಯ್ಯುತ್ತಾನೆ. ಇಬ್ಬರೂ ಮಾತಾಡಿದ್ದು ಕರ್ಮದ ಬಗ್ಗೆ. ಮುಂದಕ್ಕೆ ಹೋಗುವುದು ಮಾಡಿದ ಕರ್ಮ, ಅಂಗವಲ್ಲ.

ಬೇರೆ ಮತಗಳಲ್ಲಿ ತೀರ್ಮಾನಗಳು ಲಿಖಿತವಾಗಿವೆ. ಪೋಪ್ ಎರಡನೆಯ ಜಾನ್ ಪಾಲ್ 2000ದ ಆಗಸ್ಟ್‌ನಲ್ಲಿ ಮಿದುಳಿನ ಸಾವಿನ ಮಾನದಂಡವನ್ನು ಒಪ್ಪಿದರು, ಬಿ.ಟಿ.ಎಂ. ಬಡಾವಣೆಗೆ ಹತ್ತಿರದ ಸೇಂಟ್ ಜಾನ್ಸ್‌ನಂಥ ಕ್ಯಾಥೊಲಿಕ್ ಆಸ್ಪತ್ರೆಗೆ ಅಲ್ಲಿಂದಾಚೆ ದೈವಶಾಸ್ತ್ರದ ಅಡ್ಡಿಯಿಲ್ಲ. 1986ರಲ್ಲಿ ಅಮ್ಮಾನ್‌ನಲ್ಲಿ ಸೇರಿದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯೂ ಒಪ್ಪಿತು. ಆದರೂ ದೇಹ ಅಲ್ಲಾಹನ ಅಮಾನತ್ತು, ಕೊಡಲು ನಾವು ಯಾರು ಎನ್ನುವ ಉಲೇಮಾಗಳು ಉಪಖಂಡದಲ್ಲಿ ಕಡಿಮೆಯಿಲ್ಲ.

ಹೃದಯಕ್ಕಾಗಿ ಕಾಯುತ್ತಿರುವವರ ಪಾಡು ಇನ್ನೊಂದು ಬಗೆಯದು. ಜಯನಗರ 5ನೇ ಬಡಾವಣೆಯ ರಾಯರ ಮಠದಲ್ಲಿ ಪ್ರದಕ್ಷಿಣೆ ಹಾಕುತ್ತ ಮಗನಿಗೆ ಹೃದಯ ಸಿಗಲಿ ಎಂದು ಬೇಡುವ ತಾಯಿ, ಇನ್ನೊಬ್ಬ ತಾಯಿಯ ಮಗ ಸಾಯಲಿ ಎಂದು ಬೇಡಿದಂತಾಯಿತೇ? ಆಗಲಿಲ್ಲ. ಆ ಅಪಘಾತ ಯಾರ ಪ್ರಾರ್ಥನೆಗೂ ಕಾದು ಕುಳಿತಿರುವುದಿಲ್ಲ; ಬೇಡಿದ್ದು, ಆಗಿಹೋದ ಸಾವು ವ್ಯರ್ಥವಾಗದಿರಲಿ ಎಂಬುದನ್ನು. ದಾನಿಯ ಹೆಸರು ಪಡೆದವರಿಗೆ, ಪಡೆದವರ ಹೆಸರು ದಾನಿಯ ಮನೆಗೆ ತಿಳಿಸದಿರುವ ನಿಯಮ ಈ ಋಣವನ್ನು ವ್ಯವಹಾರವಾಗದಂತೆ ತಡೆಯುತ್ತದೆ.

ಇನ್ನು ಬರಲಿರುವ ಪ್ರಶ್ನೆ ಇದಕ್ಕಿಂತ ಕಠಿಣ. ಐಸಿನ ಬದಲು, ದಾನಿಯದೇ ಬಿಸಿ ರಕ್ತ ಹರಿಸಿ ಹೃದಯವನ್ನು ಬಡಿಯುತ್ತಲೇ ಒಯ್ಯುವ ಯಂತ್ರಗಳು ಬಂದಿವೆ. ಅಂಥ ಯಂತ್ರದಿಂದ 2014ರಲ್ಲಿ ಸಿಡ್ನಿಯ ಸೇಂಟ್ ವಿನ್ಸೆಂಟ್ಸ್ ಆಸ್ಪತ್ರೆಯವರು, ಎದೆಬಡಿತ ನಿಂತು ಸತ್ತವರ ಹೃದಯವನ್ನೇ ಮತ್ತೆ ಬಡಿಯಿಸಿ ಕಸಿ ಮಾಡಿದರು. ಮತ್ತೆ ಬಡಿಯಬಲ್ಲ ಹೃದಯ ‘ಶಾಶ್ವತವಾಗಿ ನಿಂತಿತ್ತು’ ಎಂದು ಮರಣಪತ್ರ ಬರೆಯುವುದು ಹೇಗೆ? ನಿಂತದ್ದು ಆ ಶರೀರದಲ್ಲಿ, ಆ ಶರೀರದಲ್ಲಿ ಅದನ್ನು ಯಾರೂ ಮತ್ತೆ ಬಡಿಯಿಸುವುದಿಲ್ಲ ಎಂಬುದು ಪರವಾದಿಗಳ ಸಮಾಧಾನ. ಮಾತಿನ ಚಮತ್ಕಾರದ ವಾಸನೆ ಅದರಲ್ಲಿ ಇದ್ದೇ ಇದೆ. ಇಂಥ ದಾನ ನಡೆಯಬೇಕಾದರೆ ಚೇತರಿಕೆಯಿಲ್ಲದ ರೋಗಿಯ ಜೀವರಕ್ಷಕ ಯಂತ್ರ ತೆಗೆಯಲು ಕಾನೂನಿನ ದಾರಿ ಬೇಕು. 2018ರ ಸುಪ್ರೀಂ ಕೋರ್ಟ್ ತೀರ್ಪು ಆ ದಾರಿ ತೆರೆಯಿತು, 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಅದನ್ನು ಜಾರಿಗೆ ತರುವ ಸುತ್ತೋಲೆ ಹೊರಡಿಸಿತು. ಯಂತ್ರ ತೆಗೆಯುವ ತೀರ್ಮಾನ ಮೊದಲು, ಅಂಗದ ಮಾತು ಆಮೇಲೆ. ಈ ಕ್ರಮ ತಲೆಕೆಳಗಾದರೆ ರೋಗಿ ಅಂಗಗಳ ಉಗ್ರಾಣವಾಗುತ್ತಾನೆ. ಬಡಿತ ನಿಂತ ಮೇಲೆ ಕೈ ಹಾಕುವ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದಕ್ಕೆ ದೇಶದೇಶಕ್ಕೆ ಉತ್ತರ ಬೇರೆ. ಬಹಳ ಕಡೆ 5 ನಿಮಿಷ. ಇಟಲಿಯ ಕಾನೂನು 20 ನಿಮಿಷ ಕಾಯಿಸುತ್ತದೆ. ಕಸಿಯ ದೃಷ್ಟಿಯಿಂದ ಅದು ದುಬಾರಿ, ಅಲ್ಲಿನವರು ಅದನ್ನು ತಿಳಿದೇ ಉಳಿಸಿಕೊಂಡಿದ್ದಾರೆ.